ಪಾರ್ವತವ್ವನ ಮನೆಯ ಎಡಬದಿ

ದುಡ್ಡು ಕೊಟ್ಟು ಸೈಟು ತಗೊಂಡ ಮೇಲೂ ಅದರ ತುಂಬ ಮನೆ ಕಟ್ಟುವ ಹಾಗಿಲ್ಲ, ಸುತ್ತಲೂ ಇಷ್ಟಿಷ್ಟು ಅಂತ ಖಾಲಿ ಬಿಡಬೇಕು ಎಂದು ಗಂಡ ಹೇಳಿದಾಗ ಪಾರ್ವತವ್ವ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಬನವಾಸಿ ಹತ್ತಿರದ ಅವಳ ತವರಿನಲ್ಲಿ ಮನೆಗೆ ಮನೆ ಹತ್ತಿಕೊಂಡೇ ಇದ್ದವು. ಒಂದು ಗೋಡೆಯ ಆಚೆ ದೊಡ್ಡಪ್ಪ ಕೆಮ್ಮಿದರೆ ಈಚೆ ಮಲಗಿದ ಅಪ್ಪ ಎದ್ದು ಕೂರುತ್ತಿದ್ದ. ನೆಲವನ್ನು ಉಳುವುದಕ್ಕೆ ಬಿಡುವುದು ಗೊತ್ತಿತ್ತು, ಕಣಕ್ಕೆ ಬಿಡುವುದು ಗೊತ್ತಿತ್ತು. ಏತಕ್ಕೂ ಅಲ್ಲದೆ ಬಿಡುವುದು ಅವಳಿಗೆ ಗೊತ್ತಿರಲಿಲ್ಲ.

ಆದರೆ ಸಂಗಯ್ಯ ತಮಾಷೆ ಮಾಡುವ ಆಳಲ್ಲ. ಶಿರಸಿ ಡಿಪೋದಲ್ಲಿ ಕಂಡಕ್ಟರ್. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ವರ್ಷಗಟ್ಟಲೆ ಅದೇ ರೂಟು. ಒಮ್ಮೆ ಪಾರ್ವತವ್ವನ ತಾಯಿ ಆ ಬಸ್ಸು ಹತ್ತಿ, ಅಳಿಯನ ಬಸ್ಸು ಎಂಬ ಧೈರ್ಯದಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಸಂಗಯ್ಯ ಎಲ್ಲರ ಹತ್ತಿರ ಬಂದ ಹಾಗೆಯೇ ಅವಳ ಹತ್ತಿರವೂ ಬಂದು, “ಎಲ್ಲಿಗ್ರೀ?” ಎಂದು ಕೇಳಿ ಟಿಕೆಟ್ ಹರಿದುಕೊಟ್ಟಿದ್ದ. ಮುದುಕಿ ಆಮೇಲೆ ಎಷ್ಟೋ ದಿನ ಮಗಳ ಮನೆಗೆ ಬರಲಿಲ್ಲ. ಅಂಥವನು.

ತೊಂಬತ್ತರ ದಶಕ ಶುರುವಾಗಿತ್ತು. ಯಲ್ಲಾಪುರ ರಸ್ತೆಯ ಬದಿಯ ಗದ್ದೆಯನ್ನು ಯಾರೋ ಬಿನ್‌ಶೇತ್ಕಿ ಮಾಡಿಸಿ, ಅಂದರೆ ಬೇಸಾಯದ ಲೆಕ್ಕದಿಂದ ತೆಗೆಸಿ, ಕಲ್ಲು ನೆಟ್ಟು, ಸೈಟುಗಳೆಂದು ಮಾರಿದ್ದರು. ಮನೆಗಳು ಅಲ್ಲೊಂದು ಇಲ್ಲೊಂದು. ಸಂಗಯ್ಯ ಇಂಜಿನಿಯರ್ ಕೈಯಲ್ಲಿ ನಕ್ಷೆ ಬರೆಸಿದ, ಅದಕ್ಕೆ ಕಚೇರಿಯಲ್ಲಿ ಮಂಜೂರಿ ತಗೊಂಡ. ಪಾಯ ತೋಡುವ ದಿನ ಸುಣ್ಣದ ಗೆರೆ ಎಳೆದಾಗ ಪಾರ್ವತವ್ವನಿಗೆ ತನ್ನ ಮನೆ ಇಷ್ಟೇನಾ ಅನ್ನಿಸಿತು.

“ಏನ್ರಿ, ಇಷ್ಟ್ಯಾಕ ಬಿಟ್ಟೀರಿ?”

“ಗಾಳಿ ಬೆಳಕಿಗೆ.”

“ಸುತ್ತ ಎಲ್ಲಾ ಗದ್ದೀನ ಐತಿ. ಗಾಳಿಗೇನು ಬರ ಬಂದೈತಿ?”

“ಇವತ್ತ ಗದ್ದಿ. ನಾಳಿ ಊರು ಬೆಳೀತೈತಿ. ಎಲ್ಲಾರೂ ಹಿಂಗ ಬಿಟ್ಟಕೋಂತ ಹೋದ್ರ ಎಲ್ಲಾರಿಗೂ ಗಾಳಿ.”

ಗೌಂಡಿ ಮಧ್ಯೆ ಬಾಯಿ ಹಾಕಿದ. ನಕ್ಷೆ ಕಚೇರಿಗೆ, ಮನೆ ನಮಗೆ, ಇಷ್ಟೆಲ್ಲ ಯಾರೂ ಬಿಡುವುದಿಲ್ಲ, ಗೆರೆ ಸ್ವಲ್ಪ ಆಚೆ ಸರಿಸಲೇ ಎಂದು ಕೇಳಿದ. ಸಂಗಯ್ಯ ಹಗ್ಗ ತಾನೇ ಹಿಡಿದು ಗೆರೆಯನ್ನು ಇನ್ನೊಂದಡಿ ಒಳಕ್ಕೆ ಸರಿಸಿದ. ಅಳತೆಯಲ್ಲಿ ಹೆಚ್ಚುಕಡಿಮೆಯಾಗಿ ನಾಳೆ ಯಾರೂ ಬೆರಳು ತೋರಿಸಬಾರದು ಎಂದು. ಹಾಗಾಗಿ ಎಡಬದಿಗೆ, ನಿಯಮ ಕೇಳಿದ್ದಕ್ಕಿಂತ ಒಂದಡಿ ಜಾಸ್ತಿಯೇ, ಒಬ್ಬ ಮನುಷ್ಯ ಉದ್ದಕ್ಕೆ ಮಲಗಬಹುದಾದಷ್ಟು ಅಗಲದ ನೆಲ ಉಳಿಯಿತು.

ಮನೆ ಮುಗಿದು ಒಳಗೆ ಬಂದ ಮೇಲೆ ಆ ನೆಲದ ಮೇಲೆ ಪಾರ್ವತವ್ವನಿಗೆ ನಿಧಾನಕ್ಕೆ ಮನಸ್ಸಾಯಿತು. ಅಡುಗೆಮನೆಯ ಕಿಟಕಿ ಆ ಕಡೆಗೇ ಇತ್ತು. ಕಿಟಕಿಯ ಕೆಳಗೆ ಬಸಳೆ ಹಬ್ಬಿಸಿದಳು, ಮೂಲೆಯಲ್ಲಿ ಮಲ್ಲಿಗೆ ಹಾಕಿದಳು, ಬಟ್ಟೆ ಒಣಗಿಸಲು ತಂತಿ ಕಟ್ಟಿದಳು. ಮಗಳು ದಾಕ್ಷಾಯಿಣಿ ಶಾಲೆಯಿಂದ ಬಂದವಳು ಅಲ್ಲೇ ಕೂತು ಪಾಠ ಓದುತ್ತಿದ್ದಳು. ಏತಕ್ಕೂ ಅಲ್ಲದ ಜಾಗಕ್ಕೆ ಇಷ್ಟೊಂದು ಕೆಲಸ ಇದೆ ಎಂದು ಪಾರ್ವತವ್ವನಿಗೆ ಆಶ್ಚರ್ಯ.

ಎಡಗಡೆಯ ಸೈಟಿಗೆ ಗೋವಿಂದ ಹೆಗಡೆ ಬಂದದ್ದು ಸಂಗಯ್ಯನಿಂದಲೇ. ಹೆಗಡೆಯವರು ಯಲ್ಲಾಪುರ ತಾಲೂಕಿನ ನಂದೊಳ್ಳಿಯವರು. ಶಿರಸಿಯಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತರು. ವಾರಕ್ಕೊಮ್ಮೆ ಊರಿಗೆ ಹೋಗಿಬರುವಾಗ ಸಂಗಯ್ಯನ ಬಸ್ಸು. ನಿಂತುಕೊಂಡೇ ಮಾತಾಡುತ್ತ ಇಬ್ಬರಿಗೂ ಸಲಿಗೆಯಾಗಿ, “ನಮ್ಮ ಮಗ್ಗಲದಾಗ ಒಂದು ಸೈಟೈತ್ರಿ, ಬರ್ರಿ” ಎಂದು ಸಂಗಯ್ಯ ಕರೆದಿದ್ದ. ಹೆಗಡೆಯವರು ಬಂದರು, ಕಟ್ಟಿಸಿದರು. ಗೋಡೆ ಏಳುತ್ತಿದ್ದಾಗ ಸಂಗಯ್ಯ ಡ್ಯೂಟಿ ಮುಗಿಸಿ ಬಂದು ನೋಡಿದರೆ ಅದು ಸರಿಯಾಗಿ ಗಡಿಕಲ್ಲಿನ ಮೇಲೇ ನಿಂತಿತ್ತು.

“ಹೆಗಡೇರ, ನಿಮ್ಮ ಬದಿಗೆ ಏನೂ ಬಿಟ್ಟಿಲ್ಲಲ್ರಿ?”

“ನನ್ನ ಸೈಟು ಹಿಂದೆ ಮೊನಚಾಗಿ ಹೋಗ್ತದೆ, ಸಂಗಯ್ಯನವರೇ. ಬಿಡ್ತಾ ಹೋದ್ರೆ ಉಳಿಯೋದು ಬಚ್ಚಲುಮನೆ ಮಾತ್ರ. ಹೇಗೂ ನೀವು ಬಿಟ್ಟಿದ್ದೀರಲ್ಲ, ಇಬ್ಬರಿಗೂ ಸಾಕು.”

ಸಂಗಯ್ಯ ಮನೆಗೆ ಬಂದು ಕೈಕಾಲು ತೊಳೆಯುತ್ತ, “ನಾ ಬಿಟ್ಟದ್ದು ಇಬ್ಬರಿಗೂ ಹೆಂಗ ಸಾಕಾಗತೈತಿ?” ಎಂದು ನೀರಿನ ಹಂಡೆಯನ್ನು ಕೇಳಿದ ಹಾಗೆ ಕೇಳಿದ. ಪಾರ್ವತವ್ವನಿಗೂ ಅದು ಹೊಳೆಯಲಿಲ್ಲ. ಮರುದಿನ ಕಿಟಕಿಯಲ್ಲಿ ನಿಂತಿದ್ದಾಗ ಅರ್ಧ ಎದ್ದ ಗೋಡೆಯ ಆಚೆ ಹೆಗಡೆಯವರು ತಮ್ಮ ಹೆಂಡತಿಗೆ ಹೇಳುತ್ತಿದ್ದುದು ಕೇಳಿಸಿತು: “ಪರಿಮಳಾ, ಇಲ್ಲಿ ಕಿಟಕಿ ಇಡಲಕ್ಕು, ಅಡ್ಡಿ ಇಲ್ಲೆ. ಬೇಕಾರೆ ಆನು ಮಾತಾಡ್ತೆ.”

ಕಿಟಕಿ ಬಂತು, ಸರಿಯಾಗಿ ಪಾರ್ವತವ್ವನ ಕಿಟಕಿಗೆ ಎದುರಾಗಿ. ಸಿಟ್ಟು ಮಾಡಬೇಕೆಂದು ಪಾರ್ವತವ್ವ ಎರಡು ದಿನ ಕಿಟಕಿ ಮುಚ್ಚಿಟ್ಟಳು. ಅಡುಗೆಮನೆ ಹೊಗೆಯಾಗಿ ಕಣ್ಣುರಿ ಬಂದು ತೆಗೆದಾಗ ಎದುರಿಗೆ ಪರಿಮಳಾ, ಕೈಯಲ್ಲಿ ಪಾತ್ರೆ ಹಿಡಿದು, “ಪಾರ್ವತಕ್ಕಾ, ಅಪ್ಪೆಹುಳಿ ಮಾಡಿದ್ದೆ, ನಿಮಗೆ ಸೇರ್ತದೋ ಇಲ್ವೋ” ಎಂದಳು. ಸೇರಿತು. ಮರುದಿನ ಈ ಕಡೆಯಿಂದ ಜೋಳದ ರೊಟ್ಟಿ ಹೋಯಿತು. ಆಮೇಲೆ ಆ ಇಬ್ಬರು ಹೆಂಗಸರ ದಿನ ಆ ಎರಡು ಕಿಟಕಿಗಳಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಹೆಗಡೆಯವರು ನಿಯಮದಂತೆ ಹಿಂದೆ ಸರಿದು ಕಟ್ಟಿದ್ದರೆ ಪರಿಮಳಾ ಕೈಗೆ ಸಿಗುತ್ತಿರಲಿಲ್ಲ ಎಂದು ಪಾರ್ವತವ್ವನಿಗೆ ಒಂದೊಂದು ಸಲ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಗಂಡನಿಗೆ ಹೇಳುತ್ತಿರಲಿಲ್ಲ.

ಮನೆಯ ಹಿಂದಿನ ಗದ್ದೆಗೆ ರಸ್ತೆ ಇರಲಿಲ್ಲ. ಅದರ ಮಾಲೀಕ ಅದನ್ನೂ ತುಂಡು ತುಂಡು ಮಾಡಿ ಮಾರಿದ. ದಾರಿ ಎಲ್ಲಿ ಎಂದು ಕೇಳಿದವರಿಗೆ, “ಆಗ್ತದೆ, ಆಗ್ತದೆ” ಎಂದು ಯಾವುದೋ ಕಡೆಗೆ ಕೈ ತೋರಿಸಿದನಂತೆ. ಮೊದಲು ಬಂದವನು ಸಿದ್ದಾಪುರ ಕಡೆಯ ಗಣಪ, ಸ್ಲ್ಯಾಬಿಗೆ ಸೆಂಟ್ರಿಂಗ್ ಕಟ್ಟುವ ಕೆಲಸದವನು. ಸಂಗಯ್ಯ ಬಸ್ಸಿನ ಮೇಲಿದ್ದ ಒಂದು ಬೆಳಿಗ್ಗೆ ಬಾಗಿಲಿಗೆ ಬಂದು ನಿಂತ.

“ಅಮ್ಮಾ, ಮನೆ ಕಟ್ಟೋತನಕ ಈ ಬದಿಂದ ಕಲ್ಲು ಹೊತ್ತು ಹೋಗ್ತೇವೆ. ಆಮೇಲೆ ಬೇರೆ ದಾರಿ ಆಗ್ತದೆ.”

ಅವನ ಹಿಂದೆ ಅವನ ತಾಯಿ ಗೌರಕ್ಕ ಆಗಲೇ ತಲೆಯ ಮೇಲೆ ಚಿರೆಕಲ್ಲು ಹೊತ್ತು ನಿಂತಿದ್ದಳು. ಕುತ್ತಿಗೆಯ ನರ ಉಬ್ಬಿತ್ತು. ಪಾರ್ವತವ್ವ ಒಗೆದ ಬಟ್ಟೆಯನ್ನು ತಂತಿಯಿಂದ ಎಳೆದುಕೊಂಡಳು, ದಾರಿಯಾಯಿತು.

“ನನ್ನ ಕೇಳದ ಯಾಕ ಹೂಂ ಅಂದಿ?” ಎಂದು ಸಂಜೆ ಸಂಗಯ್ಯ ಕೇಳಿದ.

“ಆಕಿ ತಲಿ ಮ್ಯಾಲೆ ಕಲ್ಲಿತ್ತು. ನಿಮ್ಮ ಬಸ್ಸು ಬರೂತನಕ ಹೊತ್ಕೊಂಡ ನಿಲ್ಲು ಅಂತ ಹೆಂಗ ಹೇಳ್ಲಿ?”

ಗಣಪನ ಮನೆ ಆಯಿತು. ಬೇರೆ ದಾರಿ ಆಗಲಿಲ್ಲ. ಗಣಪನನ್ನು ನೋಡಿ ಇನ್ನೊಬ್ಬ ಬಂದ, ಅವನನ್ನು ನೋಡಿ ಮತ್ತೊಬ್ಬ. ಪ್ರತಿ ಸಲವೂ “ಕಟ್ಟೋತನಕ” ಎಂಬ ಮಾತು. ಪ್ರತಿ ಸಲವೂ ಯಾರದಾದರೂ ತಲೆಯ ಮೇಲೆ ಏನಾದರೂ ಇರುತ್ತಿತ್ತು. ಸೈಕಲ್ಲುಗಳು ಓಡಾಡಿದವು, ಆಮೇಲೆ ಬೈಕು. ಬಸಳೆ ತುಳಿತಕ್ಕೆ ಸಿಕ್ಕಿ ಹೋಯಿತು. ಮಲ್ಲಿಗೆ ಮಾತ್ರ ಮೂಲೆ ಹಿಡಿದು ಉಳಿಯಿತು.

ಒಂದು ಬೇಸಿಗೆಯಲ್ಲಿ ಸಂಗಯ್ಯ ಕಬ್ಬಿಣದ ಗೇಟು ಮಾಡಿಸಿ ತಂದು ಎಡಬದಿಯ ಬಾಯಿಗೆ ಹಾಕಿಸಿದ. ಬೀಗ ಹಾಕಿ ಕೀಲಿಕೈಯನ್ನು ಹೆಂಡತಿಯ ಕೈಗೆ ಕೊಟ್ಟ. “ಇದು ನಮ್ಮ ಜಾಗಾ ಅಂತ ಗೊತ್ತಿರಬೇಕು. ಕೇಳಿ ಹೋಗಲಿ. ಬ್ಯಾಡನ್ನೂದಿಲ್ಲ.” ಮಾತು ನ್ಯಾಯವಾಗಿಯೇ ಇತ್ತು. ಆದರೆ ಅವನು ಬೆಳಗಾದರೆ ಬಸ್ಸು ಹತ್ತುತ್ತಿದ್ದ, ಬಾಗಿಲು ಬಡಿಸಿಕೊಳ್ಳುವವಳು ಪಾರ್ವತವ್ವ. ಹಾಲಿನವನು ಬಂದ, ಕೀಲಿಕೈ. ಗಣಪ ಕೆಲಸಕ್ಕೆ ಹೊರಟ, ಕೀಲಿಕೈ. ಹಿಂದಿನ ಮನೆಯವರಿಗೆ ನೆಂಟರು ಬಂದರು, ಕೀಲಿಕೈ. ಹಿಟ್ಟಿನ ಕೈಯಲ್ಲೇ ಬೀಗ ತೆಗೆದು ತೆಗೆದು ಬೀಗವೇ ಹಿಟ್ಟಾಯಿತು. ತವರಿನಲ್ಲೊಂದು ಮದುವೆ ಬಂತು. ಹೊರಡುವ ಗಡಿಬಿಡಿಯಲ್ಲಿ ಕೀಲಿಕೈ ಅವಳ ಸೊಂಟದಲ್ಲೇ ಉಳಿದು ಬನವಾಸಿಗೆ ಹೋಯಿತು.

ಮದುವೆ ಮುಗಿಸಿ ಬಂದು ನೋಡಿದರೆ ಗೇಟನ್ನು ಯಾರೋ ತಿರುಗಣಿಯಿಂದ ಎತ್ತಿ ಗೋಡೆಗೆ ಒರಗಿಸಿಟ್ಟಿದ್ದರು. ಬೀಗ ಹಾಕಿದ್ದು ಹಾಕಿದ ಹಾಗೆಯೇ ಇತ್ತು. ಮಲ್ಲಿಗೆಗೆ ನೀರು ಹಾಕಿದ್ದರು. ಅಂಗಳ ಗುಡಿಸಿದ್ದರು. ಸ್ವಲ್ಪ ಹೊತ್ತಿಗೆ ಗೌರಕ್ಕ ಒಂದು ಬಟ್ಟಲು ಪಾಯಸ ತಂದು, “ನೀವಿಲ್ಲದೆ ಬೇಜಾರಾಯ್ತು” ಎಂದಳು. ಗೇಟಿನ ಮಾತು ಅವಳೂ ಎತ್ತಲಿಲ್ಲ, ಪಾರ್ವತವ್ವನೂ ಎತ್ತಲಿಲ್ಲ. ಬೈಯಬೇಕೋ ಪಾಯಸ ತಿನ್ನಬೇಕೋ ಗೊತ್ತಾಗದೆ ಪಾಯಸ ತಿಂದಳು. ಗೇಟು ಮತ್ತೆ ಏರಲಿಲ್ಲ.

ಇಸವಿ ಎರಡು ಸಾವಿರ ದಾಟಿತು. ಸುತ್ತಲಿನ ಗದ್ದೆ ಎಲ್ಲಿ ಹೋಯಿತೆಂದು ಕೇಳಿದರೆ ತೋರಿಸಲು ಏನೂ ಉಳಿಯಲಿಲ್ಲ. ಹೆಗಡೆಯವರು ಮೇಲೊಂದು ಮಹಡಿ ಕಟ್ಟಿಸಿದರು. ಅದರ ಬಾಲ್ಕನಿ ಪಾರ್ವತವ್ವನ ಎಡಬದಿಯ ಮೇಲೆ ಚಾಚಿಕೊಂಡಿತು. ಮಳೆಗಾಲದಲ್ಲಿ ಅದರ ಕೆಳಗೆ ಹಿಂದಿನ ಮನೆಯ ಮಕ್ಕಳು ಕೊಡೆ ಬಿಚ್ಚುತ್ತಿದ್ದರು. ಹಿಂದಿನ ಮನೆಗಳಿಗೆ ನೀರಿನ ಪೈಪು ಬರಬೇಕಾಯಿತು, ಬರಲಿಕ್ಕೆ ಖಾಲಿ ಇದ್ದದ್ದು ಇದೊಂದೇ ಜಾಗ. ಕರೆಂಟು ಕಂಬಕ್ಕೂ ಇದೇ. ಇಡೀ ಬಡಾವಣೆಯಲ್ಲಿ ನಕ್ಷೆಯ ಪ್ರಕಾರ ಖಾಲಿ ಉಳಿದದ್ದು ಸಂಗಯ್ಯ ಬಿಟ್ಟ ನೆಲ ಮಾತ್ರ. ಆದ್ದರಿಂದ ಉಳಿದವರು ಬಿಡದೆ ಇದ್ದದ್ದೆಲ್ಲ ಅಲ್ಲಿಗೇ ಬಂದು ಸೇರುತ್ತಿತ್ತು.

ಕಾಂಕ್ರೀಟು ಹಾಕಲು ಕಚೇರಿಯ ಕಡೆಯಿಂದ ಆಳುಗಳು ಬಂದ ದಿನ ಪಾರ್ವತವ್ವ ಗಟಾರು ರಿಪೇರಿಗೆ ಬಂದಿದ್ದಾರೆ ಅಂದುಕೊಂಡಳು. ಹಿಂದಿನ ಮನೆಯ ಹೆಂಗಸರು ಆಳುಗಳಿಗೆ ಚಹಾ ಮಾಡಿ ತಂದರು, ಅವಳೂ ಒಂದು ಸಲ ಮಾಡಿ ಕೊಟ್ಟಳು. ಸಂಜೆ ಸಂಗಯ್ಯ ಬಂದಾಗ ಅವನ ಮನೆಯ ಪಾಯಕ್ಕೆ ಹತ್ತಿ ಹಸಿ ಕಾಂಕ್ರೀಟು ಹೊಳೆಯುತ್ತಿತ್ತು. ಮಲ್ಲಿಗೆ ಇರಲಿಲ್ಲ. ಅವನು ಚೀಲ ಹೆಗಲಲ್ಲೇ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದ. ಬೈಯುತ್ತಾನೆಂದು ಪಾರ್ವತವ್ವ ಕಾದಳು.

“ಇನ್ನ ಕೆಸರಾಗೂದಿಲ್ಲ ಬಿಡು,” ಎಂದು ಒಳಗೆ ಬಂದ. ಅದು ಸಮಾಧಾನವೋ ಸೋಲೋ ಎಂದು ಅವಳಿಗೆ ತಿಳಿಯಲಿಲ್ಲ.

ಮುಂದಿನ ವರ್ಷ ಬೀದಿದೀಪ ಬಂತು. ಓಣಿಯ ಬಾಯಲ್ಲಿ ಹಳದಿ ಬೋರ್ಡು ಬಂತು, ಅಡ್ಡರಸ್ತೆ ಎಂದು ನಂಬರು ಹಾಕಿ. ಆಟೋದವರು ಮಾತ್ರ ಆ ನಂಬರು ಹೇಳುತ್ತಿರಲಿಲ್ಲ, “ಕಂಡಕ್ಟರ್ ಕ್ರಾಸಾ?” ಎಂದು ಕೇಳುತ್ತಿದ್ದರು. ನೆಂಟರು ಬಂದವರು, ನಿಮ್ಮದು ಈಗ ಕಾರ್ನರ್ ಮನೆಯಾಯ್ತು, ಅದೃಷ್ಟ ಎಂದು ಹೊಗಳಿ ಹೋದರು. ಕಳೆದುಕೊಂಡವರನ್ನು ಹೀಗೆ ಹೊಗಳುತ್ತಾರೆಯೇ? ಹಾಗಾದರೆ ಗಳಿಸಿದ್ದಾದರೂ ಏನು? ಪಾರ್ವತವ್ವ ಕೇಳಿದರೆ ಪರಿಮಳಾ ಕಿಟಕಿಯಲ್ಲಿ ನಗುತ್ತಿದ್ದಳು. “ನಂಗೂ ಎಂತದೂ ತಿಳಿಯೋದಿಲ್ಲ, ಪಾರ್ವತಕ್ಕಾ.” ಈಗ ಇಬ್ಬರೂ ಮಾತಾಡುವಾಗ ನಡುವೆ ಬೈಕು ಹೋಗುತ್ತಿತ್ತು. ಹೋಗುವವರೆಗೆ ಸುಮ್ಮನಿದ್ದು, ಆಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

ಸಂಗಯ್ಯನಿಗೆ ನಿವೃತ್ತಿಯಾಯಿತು. ದಾಕ್ಷಾಯಿಣಿ ಅಷ್ಟರಲ್ಲಿ ಸಿದ್ದಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ ಸುಭಾಷ್ ಹುಬ್ಬಳ್ಳಿಯಲ್ಲಿ ಮೋಟಾರು ಸಾಮಾನಿನ ಅಂಗಡಿಯಲ್ಲಿದ್ದ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಬಾಡಿಗೆ ಮನೆ ಬೇಡ, ತವರಿನ ಮೇಲೇ ಒಂದು ಮಹಡಿ ಕಟ್ಟಿಕೊಳ್ಳೋಣ ಎಂದು ಮಗಳು ಕೇಳಿದಳು. ಸಂಗಯ್ಯ ಹಿಗ್ಗಿಹೋದ. ಮತ್ತೆ ಇಂಜಿನಿಯರ್, ಮತ್ತೆ ನಕ್ಷೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಚೇರಿಗೆ ಹೋದ.

ಬರುವಾಗ ಅವನ ಮುಖದಲ್ಲಿ ಏನೋ ಆಗಿತ್ತು. ಚಪ್ಪಲಿ ಬಿಡದೆ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಪಾರ್ವತವ್ವ ಅವನ ಕಾಲನ್ನೇ ನೋಡಿದಳು. ಮದುವೆಯಾದಂದಿನಿಂದ ಅವನು ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದವನಲ್ಲ.

“ಮಂಜೂರಿ ಆಗೂದಿಲ್ಲಂತ.”

“ಯಾಕ್ರಿ?”

“ನಮ್ಮ ಮನಿ ನಿಯಮದ ಪ್ರಕಾರ ಇಲ್ಲಂತ.”

ಅವಳಿಗೆ ನಗು ಬಂತು, ನಗಲಿಲ್ಲ. ಅವನು ಒಂದೊಂದೇ ಮಾತು ಹುಡುಕಿ ಹೇಳಿದ. ಕಚೇರಿಯಲ್ಲಿದ್ದವರು ಹೊಸಬರು, ವಯಸ್ಸಿನಲ್ಲಿ ಸಣ್ಣವರು, ಮಾತು ಮೃದು. ಎಡಬದಿಗೆ ರಸ್ತೆ ಇದೆ, ರಸ್ತೆಯ ಬದಿಯ ಮನೆ ರಸ್ತೆಯಿಂದ ಇಂತಿಷ್ಟು ಹಿಂದೆ ಸರಿದಿರಬೇಕು, ನಿಮ್ಮ ಗೋಡೆ ರಸ್ತೆಗೆ ಹತ್ತಿಕೊಂಡೇ ಇದೆಯಲ್ಲ ಎಂದರು. ಅದು ರಸ್ತೆಯಲ್ಲ, ನಾನು ನಿಯಮದಂತೆ ಬಿಟ್ಟ ಜಾಗ ಎಂದ ಸಂಗಯ್ಯ. ಕಾಂಕ್ರೀಟಿದೆ, ದೀಪವಿದೆ, ಬೋರ್ಡಿದೆ, ಹಿಂದಿನ ಅಷ್ಟೂ ಮನೆಗಳಿಗೆ ಮಂಜೂರಿ ಕೊಟ್ಟಿರುವುದು ಆ ರಸ್ತೆಯನ್ನು ತೋರಿಸಿಯೇ ಎಂದರು ಅವರು. ನೀವು ಅಲ್ಲಿ ಏನೂ ಬಿಟ್ಟಿಲ್ಲ ಎಂದೂ ಅಂದರು.

“ನಾ ಏನೂ ಬಿಟ್ಟಿಲ್ಲಂತ,” ಎಂದ ಸಂಗಯ್ಯ ಮತ್ತೊಮ್ಮೆ. ಆಮೇಲೆ ತಲೆಯೆತ್ತಿ, “ನಾ ತಪ್ಪು ಮಾಡಿದ್ನೇನ?” ಎಂದು ಕೇಳಿದ.

ಇಷ್ಟು ವರ್ಷದಲ್ಲಿ ಅವನು ಹೆಂಡತಿಯನ್ನು ಕೇಳದೇ ಇದ್ದ ಪ್ರಶ್ನೆ ಅದು. ಹೌದು ಎಂದರೆ ಅವನ ಇಡೀ ಆಯುಷ್ಯವೇ ತಪ್ಪಾದಂತೆ. ಅಲ್ಲ ಎನ್ನೋಣವೆಂದರೆ ಎದುರಿಗೆ ಕಾಣುತ್ತಿರುವುದು ಏನು? ಪಾರ್ವತವ್ವ ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದಳು.

ಶನಿವಾರ ಬಂದ ಸುಭಾಷ್ ಎಲ್ಲ ಕೇಳಿ, “ಮಾವಾರ, ನೀವು ಸುಮ್ಮನ ಕಟ್ರಿ,” ಎಂದ. “ನಮ್ಮ ಓಣ್ಯಾಗ ಹಿಂಗನ. ಮೊದಲ ಮನಿ ಏಳತಾವು. ಆಮ್ಯಾಲೆ ಹಾದಿ, ಗಟಾರು, ನಲ್ಲಿ ಎಲ್ಲಾ ಅದರ ನಡುವ ಸಂದಿ ಹುಡಿಕ್ಕೊಂಡ ಬರತಾವು. ಯಾರಿಗೆ ಮಂಜೂರಿ ಐತಿ, ಯಾರಿಗಿಲ್ಲ ಅಂತ ಈಗ ದೇವರಿಗೂ ಗೊತ್ತಿಲ್ಲ. ಕಟ್ಟಿದವರ ಹಿಂದ ಊರು ಬರತೈತ್ರಿ.”

“ನಾವು ಹಂಗ ಕಟ್ಟೂದಿಲ್ಲ,” ಎಂದ ಸಂಗಯ್ಯ.

ಅವನು ಇನ್ನೊಂದು ದಾರಿ ಹುಡುಕಿದ. ಅಕ್ಕಪಕ್ಕದವರು ಬಂದು ಇದು ಸಂಗಯ್ಯನ ಸ್ವಂತ ನೆಲ, ಮನೆ ಮೊದಲು, ದಾರಿ ಆಮೇಲೆ ಆದದ್ದು ಎಂದು ಕಚೇರಿಯಲ್ಲಿ ಒಂದು ಮಾತು ಹೇಳಿದರೆ ಸಾಕು. ಎಲ್ಲರೂ ಕಣ್ಣಾರೆ ಕಂಡವರೇ. ಮೊದಲು ಹೆಗಡೆಯವರನ್ನು ಕೇಳಿದ. ಹೆಗಡೆಯವರು ಜಗಲಿಯಲ್ಲಿ ಕೂತು ಬಹಳ ಹೊತ್ತು ಕವಳ ಅಗಿದರು.

“ಅದು ರಸ್ತೆಯಲ್ಲ ಅಂತಾದ್ರೆ ನನ್ನ ಬಾಲ್ಕನಿ ನಿಮ್ಮ ತಲೆ ಮೇಲೆ ಇದ್ದ ಹಾಗೆ ಆಗ್ತದಲ್ಲ, ಸಂಗಯ್ಯನವರೇ. ಕಿಟಕಿನೂ ಮುಚ್ಚಬೇಕಾಗ್ತದೆ. ನೀವು ಕೇಳಿದ್ದು ಸುಳ್ಳು ಅಂತ ನಾ ಹೇಳೋದಿಲ್ಲ. ಖರೇ ಅಂತ ಹೇಳ್ಲಿಕ್ಕೆ ಮಾತ್ರ ಆಗೋದಿಲ್ಲ.”

ಗಣಪ ಸಂಜೆ ತಾನೇ ಬಂದ. ಕೂರು ಎಂದರೆ ಕೂರಲಿಲ್ಲ. ದಾರಿ ಇಲ್ಲ ಅಂತ ಆದರೆ ಹಿಂದಿನ ಮನೆ ಒಂದಕ್ಕೂ ಮಂಜೂರಿ ನಿಲ್ಲುವುದಿಲ್ಲವಂತೆ, ಯಾರನ್ನೋ ಕೇಳಿಕೊಂಡು ಬಂದೆ ಎಂದ. “ನೀವು ಸ್ಲ್ಯಾಬ್ ಹಾಕ್ಸೋ ದಿನ ಸೆಂಟ್ರಿಂಗ್ ನಂದು, ಅಮ್ಮಾ. ಒಂದು ಪೈಸೆ ಬೇಡ. ಆ ಒಂದು ಮಾತು ಮಾತ್ರ ಕೇಳ್ಬೇಡಿ.” ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

ಪಾರ್ವತವ್ವ ಅವತ್ತು ಕಿಟಕಿ ಮುಚ್ಚಬೇಕೆಂದು ಹೋದಳು. ಎದುರಿಗೆ ಪರಿಮಳಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ಇವರೆಲ್ಲ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಸಂಗಯ್ಯನಿಗೆ ಮೂತ್ರಪಿಂಡದ ಕಲ್ಲು ಬಂದು ಉರುಳಾಡಿದಾಗ ಎತ್ತಿಕೊಂಡು ಓಡಿದವನು ಇದೇ ಗಣಪ. ದಾಕ್ಷಾಯಿಣಿ ಪರೀಕ್ಷೆಗೆ ಓದುವಾಗ ಕರೆಂಟಿಲ್ಲದೆ ಹೋದರೆ ಕಂದೀಲು ತಂದಿಡುತ್ತಿದ್ದವರು ಇದೇ ಹೆಗಡೆಯವರು. ಅವರು ಮಾಡಿದ್ದು ಸರಿಯಲ್ಲ, ಅವರು ಸರಿಯಿಲ್ಲದವರೂ ಅಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಅವಳಿಗೆ ಬರಲಿಲ್ಲ. ಕಿಟಕಿ ಅರ್ಧ ಮುಚ್ಚಿ ಅರ್ಧ ಬಿಟ್ಟಳು.

ಸಂಗಯ್ಯ ಮತ್ತೆ ಮತ್ತೆ ಕಚೇರಿಗೆ ಹೋದದ್ದರಿಂದ, ಸ್ಥಳ ನೋಡಿಯೇ ತೀರ್ಮಾನ ಮಾಡುವುದು ಎಂದಾಯಿತು. ಆ ಸಣ್ಣ ವಯಸ್ಸಿನ ಅಧಿಕಾರಿ ಟೇಪು ಹಿಡಿದು ಬಂದ. ಓಣಿಯವರೆಲ್ಲ ಬಂದು ನಿಂತರು. ಹಳೆಯ ಮಂಜೂರಿ ನಕ್ಷೆಯನ್ನು ಸಂಗಯ್ಯ ಬಿಚ್ಚಿ ತೋರಿಸಿದ. ಅಧಿಕಾರಿ ಅದನ್ನು ನೋಡಿದ, ರಸ್ತೆ ನೋಡಿದ, ಅವನಿಗೂ ತಲೆ ಕೆಟ್ಟಂತೆ ಕಾಣಿಸಿತು. ಕಿಟಕಿಯಲ್ಲಿ ನಿಂತಿದ್ದ ಪಾರ್ವತವ್ವನ ಕಡೆ ತಿರುಗಿದ.

“ಅಮ್ಮಾ, ಹಗಲು ಹೊತ್ತು ಮನೇಲಿರೋರು ನೀವು. ಜನ ಯಾವಾಗಿಂದ ಇಲ್ಲಿ ಓಡಾಡ್ತಿದ್ದಾರೆ? ಮನೆ ಕಟ್ಟೋ ಮೊದಲಿಂದಲೋ, ಆಮೇಲಿಂದಲೋ?”

ಸಂಗಯ್ಯ ಅವಳನ್ನು ನೋಡಿದ. ಅವನ ಮುಖದಲ್ಲಿ ಆತಂಕವಿರಲಿಲ್ಲ, ನೆಮ್ಮದಿಯಿತ್ತು. ಕಡೆಗೂ ಕೇಳಬೇಕಾದವರನ್ನು ಕೇಳಿದರು ಎಂಬಂತೆ. ಪಾರ್ವತವ್ವನ ನಾಲಿಗೆಯ ಮೇಲೆ ಉತ್ತರ ತಯಾರಾಗಿಯೇ ಇತ್ತು: ಆಮ್ಯಾಲಿಂದ್ರಿ, ನಾವು ಬಂದ ಮ್ಯಾಲೆ. ಅಷ್ಟರಲ್ಲಿ ಜನರ ಹಿಂದೆ ಗೌರಕ್ಕ ಕಂಡಳು. ಮುದುಕಿಗೆ ಈಗ ಬೆನ್ನು ಬಾಗಿತ್ತು, ಸಾಲಿನಲ್ಲಿ ನಿಂತು ತಂದ ರೇಶನ್ ಚೀಲವನ್ನು ಮೊಮ್ಮಗನಿಗೂ ಕೊಡದೆ ತಾನೇ ಹಿಡಿದುಕೊಂಡು, ಜನ ಜರುಗಿದರೆ ಮನೆಗೆ ಹೋಗೋಣ ಎಂದು ಕಾಯುತ್ತಿದ್ದಳು. ಇಲ್ಲಿ ಏನು ನಡೆಯುತ್ತಿದೆ ಎಂಬುದು ಅವಳಿಗೆ ಗೊತ್ತಿದ್ದ ಹಾಗೆ ಇರಲಿಲ್ಲ.

“ಮೊದಲಿಂದ ಓಡಾಡ್ತಾರ್ರಿ,” ಎಂದಳು ಪಾರ್ವತವ್ವ.

ಅಧಿಕಾರಿ ಬರೆದುಕೊಂಡ. ಸಂಗಯ್ಯ ನಕ್ಷೆಯನ್ನು ಮಡಚಿದ, ಮೊದಲಿನ ಮಡಿಕೆಯ ಮೇಲೇ, ಒಂದೊಂದಾಗಿ. ಜನ ಜರುಗಿದರು. ಗೌರಕ್ಕ ಚೀಲ ಹಿಡಿದು ನಡೆದುಹೋದಳು.

ಆಮೇಲೆ ಸಂಗಯ್ಯ ಹೆಂಡತಿಯ ಜೊತೆ ಮಾತು ಬಿಟ್ಟ. ಬೈದಿದ್ದರೆ ಅವಳಿಗೆ ಹೇಳಲು ಏನಾದರೂ ಸಿಗುತ್ತಿತ್ತೇನೋ. ತಾನು ಹಾಗೇಕೆ ಅಂದೆ ಎಂದು ಅವಳು ರೊಟ್ಟಿ ಬಡಿಯುವಾಗ ಯೋಚಿಸಿದಳು, ನೀರು ತುಂಬುವಾಗ ಯೋಚಿಸಿದಳು. ಕನಿಕರದಿಂದ ಅಂದೆನೇ? ಗೌರಕ್ಕನನ್ನು ಕಂಡು ಕನಿಕರವೇನೂ ಹುಟ್ಟಿರಲಿಲ್ಲ, ಸುಮ್ಮನೆ ಕಂಡಿದ್ದಳು ಅಷ್ಟೆ. ಹೆದರಿ ಅಂದೆನೇ? ಹೆದರಿಕೆಯೂ ಆಗಿರಲಿಲ್ಲ. ಗಂಡನ ಮೇಲೆ ಒಳಗೊಳಗೇ ಸಿಟ್ಟಿತ್ತೇ, ಸುಣ್ಣದ ಗೆರೆ ಎಳೆದ ದಿನದಿಂದ? ಇದ್ದರೂ ಇರಬಹುದು. ಸುಳ್ಳು ಹೇಳಿದ್ದು ಹೌದು. ಆದರೆ ಆ ಜಾಗದಲ್ಲಿ ಜನ ಓಡಾಡದೇ ಇದ್ದ ಕಾಲ ನೆನಪು ಮಾಡಿಕೊಳ್ಳಹೋದರೆ ಅವಳಿಗೆ ಸರಿಯಾಗಿ ನೆನಪೇ ಬರುತ್ತಿರಲಿಲ್ಲ.

ಕಚೇರಿಯಿಂದ ಬಂದ ತೀರ್ಮಾನ ಹೀಗಿತ್ತು: ಕೆಳಗಿನ ಮನೆ ಇದ್ದ ಹಾಗೆ ಇರಲಿ. ಮೇಲೆ ಕಟ್ಟುವುದಾದರೆ ರಸ್ತೆಯ ಬದಿಯಿಂದ ಹಿಂದೆ ಸರಿಸಿ ಕಟ್ಟಬೇಕು. ಸಂಗಯ್ಯ ಅದನ್ನು ಓದಿ, ಕನ್ನಡಕ ತೆಗೆದು, ಅಷ್ಟು ದಿನಗಳ ಮೇಲೆ ಮೊದಲ ಸಲ ಬಾಯಿಬಿಟ್ಟ.

“ಮಗಳಿಗೆ ಅಡಿಗಿ ಮನಿ ಸಣ್ಣದಾಕ್ಕೈತಿ.”

“ಇಬ್ಬರಿಗೆ ಎಷ್ಟು ಬೇಕ್ರಿ,” ಎಂದಳು ಪಾರ್ವತವ್ವ. ಮಾತು ಅಲ್ಲಿಂದ ಮತ್ತೆ ಶುರುವಾಯಿತು. ಕಿಟಕಿಯ ಮುಂದೆ ಆ ದಿನ ಆಡಿದ ಮಾತು ಮಾತ್ರ ಇಬ್ಬರ ನಡುವೆ ಬರಲೇ ಇಲ್ಲ.

ಸುಭಾಷ್ ಎಷ್ಟು ಹೇಳಿದರೂ ಸಂಗಯ್ಯ ಕಚೇರಿಯವರು ಹೇಳಿದ ಅಳತೆಗೇ ಕಟ್ಟಿಸಿದ. ಮೇಲಿನ ಮನೆ ಕೆಳಗಿನದಕ್ಕಿಂತ ಸಣ್ಣದಾಗಿ, ಅಣ್ಣನ ಹೆಗಲ ಮೇಲೆ ಒಂದು ಬದಿಗೆ ವಾಲಿ ಕೂತ ತಂಗಿಯ ಹಾಗೆ ಕಾಣುತ್ತಿತ್ತು. ಸೆಂಟ್ರಿಂಗ್ ಗಣಪನದೇ. ದುಡ್ಡು ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡ. ಸಂಗಯ್ಯ ಅದನ್ನು ಅವನ ಅಂಗಿಯ ಜೇಬಿಗೆ ತುರುಕಿ, “ತಗೋ, ಅದು ಬ್ಯಾರೆ, ಇದು ಬ್ಯಾರೆ” ಎಂದ.

ಸ್ಲ್ಯಾಬ್ ಹಾಕುವ ದಿನ ಓಣಿಯವರೆಲ್ಲ ಬಂದರು. ಹೆಗಡೆಯವರು ಪಂಚೆ ಎತ್ತಿ ಕಟ್ಟಿ ನೀರು ಹೊತ್ತರು. ಪರಿಮಳಾ ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ಮಾಡಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಪಾರ್ವತವ್ವ ಮೆಟ್ಟಿಲ ಮೇಲೆ ಸ್ವಲ್ಪ ಕಾಲು ಚಾಚಿದಳು. ದಾಕ್ಷಾಯಿಣಿ ಬಂದು ಪಕ್ಕದಲ್ಲಿ ಕೂತು, ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತನ್ನು ಕೇಳಿದಳು.

“ಅವ್ವಾ, ಅವತ್ತ ಯಾಕ ಹಂಗ ಹೇಳಿದಿ?”

“ಗೊತ್ತಿಲ್ಲವ್ವಾ,” ಎಂದಳು ಪಾರ್ವತವ್ವ. “ಬಾಯಿಗೆ ಬಂತು.”

“ಅಪ್ಪಾನ ಮನಸಿಗೆ ಭಾಳ ಹತ್ತೈತಿ.”

“ಹೌದು.”

“ನಿನಗ?”

ಪಾರ್ವತವ್ವ ಏನೋ ಹೇಳಹೊರಟಳು. ಕೆಳಗೆ ಹಾರನ್ ಕೇಳಿಸಿತು, ಒಮ್ಮೆ, ಇನ್ನೊಮ್ಮೆ. ಸುರಿದ ಜಲ್ಲಿ ಜಾರಿ ದಾರಿಯ ಅರ್ಧಕ್ಕೆ ಬಂದಿತ್ತು. ಹಿಂದಿನ ಮನೆಗೆ ಹೋಗಬೇಕಾದ ಆಟೋ ನಿಂತಿತ್ತು, ಒಳಗೆ ಯಾರೋ ಬಾಣಂತಿ ಮಗುವನ್ನು ಎದೆಗೆ ಹಚ್ಚಿಕೊಂಡು ಕೂತಿದ್ದಳು. ಆಟೋದವನು ತಲೆ ಹೊರಗೆ ಹಾಕಿ, ರಸ್ತೆಗೆ ಅಡ್ಡ ಹೀಗೆಲ್ಲ ಹಾಕಬಾರದು ಎಂದ.

“ಬಂದ್ನಿರಪಾ, ನಿಲ್ರಿ,” ಎಂದು ಪಾರ್ವತವ್ವ ಸೀರೆ ಎತ್ತಿ ಸಿಕ್ಕಿಸಿಕೊಂಡು, ಬುಟ್ಟಿ ಹುಡುಕುತ್ತ ಕೆಳಗಿಳಿದಳು.